ಎಂಜಿನಿಗೆ ಬಿಡುವು

ವಿಜಯಪುರ ನಗರದಿಂದ ಹೊರಡುವ ರಸ್ತೆಗಳಲ್ಲಿ ನಸುಕಿನ ವೇಳೆಗೆ ನಿಂತವರಿಗೆ ಒಂದು ನೋಟವು ಚಿರಪರಿಚಿತವಾದುದು. ಹದಿನೈದು ಹದಿನಾರರ ಪ್ರಾಯದ ಹುಡುಗ ಹುಡುಗಿಯರು ಬೆನ್ನನ್ನು ಬಾಗಿಸಿ, ತಲೆಯನ್ನು ತಗ್ಗಿಸಿ, ತೆಳುಗಾಲಿಯ ಸೈಕಲ್ಲುಗಳ ಮೇಲೆ ಸಾಲುಗಟ್ಟಿ ಸಾಗುತ್ತಿರುತ್ತಾರೆ. ಕರ್ನಾಟಕದ ಹೆಸರಾಂತ ಸೈಕಲ್ ಪಟುಗಳಲ್ಲಿ ಅನೇಕರು ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳವರೇ ಆಗಿರುವುದು ಆಕಸ್ಮಿಕವಲ್ಲ. ಎರೆಮಣ್ಣಿನ ಬಯಲು, ಉದ್ದನೆಯ ನೇರ ದಾರಿ, ಎದುರು ಬೀಸುವ ಗಾಳಿ, ಇವೆಲ್ಲವೂ ಅವರ ಗುರುಗಳೇ ಸರಿ.

ಅವರ ಕಾಲುಗಳನ್ನು ಗಮನವಿಟ್ಟು ನೋಡಬೇಕು. ಏರು ಬಂದಾಗ ಕಾಲುಗಳು ಬೇಗ ಬೇಗ ತಿರುಗುತ್ತವೆ. ಸೈಕಲ್ಲು ಮಾತ್ರ ನಿಧಾನವಾಗಿ ಸಾಗುತ್ತದೆ. ಸಮತಟ್ಟಾದ ದಾರಿ ದೊರೆತೊಡನೆ ಸರಪಳಿಯು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಕಾಲುಗಳ ಗತಿ ನಿಧಾನವಾಗುತ್ತದೆ, ಆದರೆ ಸೈಕಲ್ಲು ಮೊದಲಿಗಿಂತಲೂ ವೇಗವಾಗಿ ಓಡುತ್ತದೆ. ಮುಂದಿನ ಹಲ್ಲುಗಾಲಿಯಲ್ಲಿ 52 ಹಲ್ಲುಗಳೂ ಹಿಂದಿನದರಲ್ಲಿ 13 ಹಲ್ಲುಗಳೂ ಇದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರವು ನಾಲ್ಕು ಸುತ್ತು ಬರುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರು; ಆದುದರಿಂದ ಒಂದು ತುಳಿತಕ್ಕೆ 8 ಮೀಟರಿಗೂ ಹೆಚ್ಚಿನ ಓಟ. ಅದೇ ಗೇರಿನಲ್ಲಿ ಏರನ್ನು ಹತ್ತಲು ಹೊರಟರೆ ತೊಡೆಗಳು ಉರಿಯತೊಡಗುತ್ತವೆ. ಸ್ವಲ್ಪ ಹೊತ್ತಿನಲ್ಲಿಯೇ ಸವಾರನು ಸೋಲುತ್ತಾನೆ. ಹಲ್ಲುಗಾಲಿಗಳು ಶಕ್ತಿಯನ್ನು ಸೃಷ್ಟಿಸಲಾರವು. ವೇಗವನ್ನು ಕೊಟ್ಟು ಬಲವನ್ನು ಪಡೆಯುವುದು, ಬಲವನ್ನು ಕೊಟ್ಟು ವೇಗವನ್ನು ಪಡೆಯುವುದು, ಇಷ್ಟೇ ಅವುಗಳ ವ್ಯಾಪಾರ.

ಮೋಟಾರು ಕಾರಿನ ಎಂಜಿನೂ ಆ ಸವಾರನ ಕಾಲಿನಂತೆಯೇ. ಸಾಮಾನ್ಯವಾದ ನಾಲ್ಕು ಗೇರುಗಳ ಹಳೆಯ ಕಾರಿನಲ್ಲಿ ನಾಲ್ಕನೆಯದು ನೇರ ಗೇರು. ಎಂದರೆ ಎಂಜಿನು ಒಂದು ಸುತ್ತು ತಿರುಗಿದರೆ ಗೇರುಪೆಟ್ಟಿಗೆಯಿಂದ ಹೊರಬರುವ ದಂಡವೂ ಒಂದು ಸುತ್ತು ತಿರುಗುತ್ತದೆ. ಅದಕ್ಕಿಂತ ಮುಂದೆ ಹೋಗಲು ದಾರಿಯಿಲ್ಲ. ಚಾಲಕನು ವೇಗವನ್ನು ಹೆಚ್ಚಿಸಿದಷ್ಟೂ ಎಂಜಿನು ಗಿರಗಿರನೆ ತಿರುಗಿ ಅರಚುತ್ತಲೇ ಇರಬೇಕು. ಇಂಗ್ಲೆಂಡಿನ ಕಾರುಗಳಿಗೆ ಬಹುಕಾಲ ಇದೇ ಗತಿಯಾಗಿತ್ತು. ಅಲ್ಲಿನ ರಸ್ತೆಗಳು ಕಿರಿದು, ತಿರುವುಗಳು ಹಲವು. ಆದಕಾರಣ ಅಲ್ಲಿಯ ಕಾರು ತಯಾರಕರು ಏರು ಹತ್ತುವುದಕ್ಕೂ, ತಿರುವಿನ ಬಳಿಕ ಚುರುಕಾಗಿ ಮುನ್ನುಗ್ಗುವುದಕ್ಕೂ ಅನುಕೂಲವಾದ ಗೇರುಗಳನ್ನೇ ಇಟ್ಟರು. ಉದ್ದನೆಯ ಹೆದ್ದಾರಿಗಳು ಬಂದಾಗ ಈ ಏರ್ಪಾಡು ತೊಡಕಾಯಿತು. ಆ ದೇಶದ ಎಂ-1 ಎಂಬ ದೊಡ್ಡ ಹೆದ್ದಾರಿಯ ಮೊದಲ ಭಾಗವು 1959ರಲ್ಲಿ ತೆರೆಯಿತು. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವ ಸಂದರ್ಭವು ಸಾಮಾನ್ಯ ಜನರಿಗೂ ಒದಗಿತು.

ಈ ತೊಡಕಿಗೆ ಪರಿಹಾರವು ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. ಎಡ್ಗರ್ ಡಿ ನಾರ್ಮನ್‌ವಿಲ್ ಎಂಬ ಎಂಜಿನಿಯರು ರೂಪಿಸಿ, ಶೆಫೀಲ್ಡ್ ನಗರದ ಲೇಕಾಕ್ ಎಂಜಿನಿಯರಿಂಗ್ ಸಂಸ್ಥೆಯು ತಯಾರಿಸಿದ ಒಂದು ಉಪಕರಣವು 1940ರ ದಶಕದ ಕೊನೆಯ ಹೊತ್ತಿಗೆ ಕಾರುಗಳಲ್ಲಿ ಕಾಣಿಸಿಕೊಂಡಿತು. ಅದರ ಹೆಸರು ಓವರ್‌ಡ್ರೈವ್. ಕನ್ನಡದಲ್ಲಿ ‘ಮೀರುಚಾಲನೆ’ ಎಂದು ಕರೆಯಬಹುದು. ಆದರೆ ಯಾವ ಗ್ಯಾರೇಜಿನಲ್ಲಿಯೂ ಆ ಮಾತು ನಡೆಯಲಾರದು. ಇರುವ ಗೇರುಪೆಟ್ಟಿಗೆಯನ್ನು ಬದಲಿಸದೆ, ಅದರ ಬೆನ್ನಿಗೆ ಇನ್ನೊಂದು ಚಿಕ್ಕ ಪೆಟ್ಟಿಗೆಯನ್ನು ಜೋಡಿಸಿದರೆ ಆಯಿತು, ನೇರ ಗೇರಿನ ಆಚೆಗೆ ಮತ್ತೊಂದು ಗೇರು ದೊರೆಯುತ್ತಿತ್ತು. ಟ್ರಯಂಫ್, ಆಸ್ಟಿನ್ ಹೀಲಿ, ಎಂ.ಜಿ., ಜಾಗ್ವಾರ್ ಮೊದಲಾದ ಹೆಸರಾಂತ ಓಟದ ಕಾರುಗಳನ್ನು ಕೊಳ್ಳುವವರು ಹೆಚ್ಚು ಹಣ ತೆತ್ತು ಇದನ್ನು ಹಾಕಿಸಿಕೊಳ್ಳುತ್ತಿದ್ದರು. ಈ ಕಾರುಗಳು ನಮ್ಮ ನಾಡಿಗೆ ತೀರ ಪರಕೀಯವೆಂದು ಭಾವಿಸಬೇಕಾಗಿಲ್ಲ. ಮದರಾಸಿನಲ್ಲಿ 1961ರಿಂದ ತಯಾರಾಗತೊಡಗಿ ಕರ್ನಾಟಕದ ಊರೂರುಗಳಲ್ಲಿ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ. ಅದರದೇ ತಳಹದಿಯಿಂದ ಹುಟ್ಟಿದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಓಟದ ಕಾರಿಗೆ ಓವರ್‌ಡ್ರೈವ್ ದೊರೆಯುತ್ತಿತ್ತು. ತಂಗಿಗೆ ದೊರೆತ ಒಡವೆ ಅಕ್ಕನಿಗೆ ಇಲ್ಲವಾಯಿತು.

ಈ ಉಪಕರಣದ ಲಾಭವೆಷ್ಟು? 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರೊಂದು ವಿಜಯಪುರಕ್ಕೆ ಬಂದಿತೆಂದು ಭಾವಿಸೋಣ. ನಾಲ್ಕನೆಯ ಗೇರಿನಲ್ಲಿ ಅದರ ಎಂಜಿನು ಮಿನಿಟಿಗೆ 1000 ಸುತ್ತು ತಿರುಗಿದಾಗ ಕಾರಿನ ವೇಗವು ಗಂಟೆಗೆ ಸುಮಾರು 29 ಕಿಲೋಮೀಟರು; ಓವರ್‌ಡ್ರೈವಿನಲ್ಲಾದರೆ ಸುಮಾರು 36 ಕಿಲೋಮೀಟರು. ಎಂದರೆ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡಲು ನೇರ ಗೇರಿನಲ್ಲಿ ಎಂಜಿನು ಮಿನಿಟಿಗೆ ಸುಮಾರು 2750 ಸುತ್ತು ತಿರುಗಬೇಕು. ಓವರ್‌ಡ್ರೈವಿನಲ್ಲಿ 2200 ಸುತ್ತು ಸಾಕು. ಈ ಕಾರು ಇಬ್ರಾಹಿಂ ರೋಜಾದ ಮಿನಾರುಗಳನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದ ತಿಕೋಟಾಕ್ಕೆ ಹೋಗುವಷ್ಟರಲ್ಲಿ ಎಂಜಿನಿಗೆ 8000 ಸುತ್ತುಗಳ ಶ್ರಮ ಉಳಿಯುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಪಿಸ್ಟನುಗಳು ಮೇಲೇರಿ ಕೆಳಗಿಳಿಯಬೇಕು, ಉಜ್ಜಿ ಸವೆಯಬೇಕು. ಉಳಿದ ಸುತ್ತುಗಳೆಂದರೆ ಉಳಿದ ಸವೆತ, ಉಳಿದ ಪೆಟ್ರೋಲು. ಕಾರಿನೊಳಗೆ ಕುಳಿತವರ ಕಿವಿಗೆ ದೊರೆಯುವ ನೆಮ್ಮದಿಯು ಲೆಕ್ಕಕ್ಕೆ ಸಿಕ್ಕುವಂತಹುದಲ್ಲ. ಆದರೆ ಅಂಥ ಕಾರಿನಲ್ಲಿ ದೂರ ಪಯಣ ಮಾಡಿದವರು ಮೊದಲು ಹೊಗಳುವುದು ಅದನ್ನೇ.

ಆ ಚಿಕ್ಕ ಪೆಟ್ಟಿಗೆಯ ಒಳಗನ್ನು ಈಗ ನೋಡಬೇಕು. ಅದರ ನಡುವೆ ಒಂದು ಹಲ್ಲುಗಾಲಿ ಇದೆ, ಅದು ಸೂರ್ಯಗಾಲಿ. ಅದರ ಸುತ್ತಲೂ ಮೂರು ಗ್ರಹಗಾಲಿಗಳು. ಈ ಮೂರನ್ನೂ ಹಿಡಿದುಕೊಂಡಿರುವ ಚೌಕಟ್ಟಿಗೆ ಗ್ರಹವಾಹಕವೆಂದು ಹೆಸರು. ಎಲ್ಲವನ್ನೂ ಹೊರಗಿನಿಂದ ಸುತ್ತುವರಿದು, ಒಳಮೈಯಲ್ಲಿ ಹಲ್ಲುಗಳುಳ್ಳ ದೊಡ್ಡ ಬಳೆಗಾಲಿಯೊಂದಿದೆ. ಎಂಜಿನಿನ ಕಡೆಯಿಂದ ಬರುವ ದಂಡವು ಗ್ರಹವಾಹಕವನ್ನು ತಿರುಗಿಸುತ್ತದೆ. ಬಳೆಗಾಲಿಯು ಹಿಂದಿನ ಚಕ್ರಗಳ ಕಡೆಗೆ ಹೋಗುವ ದಂಡವನ್ನು ತಿರುಗಿಸುತ್ತದೆ.

ಸೂರ್ಯಗಾಲಿಯನ್ನು ಬಳೆಗಾಲಿಗೆ ಬಿಗಿದು ಕಟ್ಟಿದಂತೆ ಹಿಡಿದರೆ ಯಾವ ಹಲ್ಲೂ ಇನ್ನೊಂದರ ಮೇಲೆ ಉರುಳಲಾರದು. ಇಡೀ ಜೋಡಣೆಯು ಒಂದೇ ಗಟ್ಟಿ ಉಂಡೆಯಂತೆ ತಿರುಗುತ್ತದೆ. ಒಳಗೆ ಒಂದು ಸುತ್ತು, ಹೊರಗೂ ಒಂದು ಸುತ್ತು. ಇದು ನೇರ ಚಾಲನೆ. ಇನ್ನು ಸೂರ್ಯಗಾಲಿಯನ್ನು ಪೆಟ್ಟಿಗೆಯ ಮೈಗೆ ಒತ್ತಿ ಹಿಡಿದು ಅಲುಗದಂತೆ ನಿಲ್ಲಿಸಿದರೆ ಏನಾಗುತ್ತದೆ? ಲೆಕ್ಕ ಸುಲಭವಾಗಲೆಂದು ಸೂರ್ಯಗಾಲಿಗೆ 24 ಹಲ್ಲುಗಳೂ ಬಳೆಗಾಲಿಗೆ 96 ಹಲ್ಲುಗಳೂ ಇವೆಯೆಂದು ಇಟ್ಟುಕೊಳ್ಳಬಹುದು. ಗ್ರಹವಾಹಕವು ಒಂದು ಸುತ್ತು ಬರುವಾಗ ಬಳೆಗಾಲಿಯನ್ನೂ ತನ್ನೊಡನೆ ಒಂದು ಸುತ್ತು ಒಯ್ಯುತ್ತದೆ. ಅಷ್ಟೇ ಅಲ್ಲದೆ, ಗ್ರಹಗಾಲಿಗಳು ನಿಂತ ಸೂರ್ಯಗಾಲಿಯ 24 ಹಲ್ಲುಗಳ ಮೇಲೆ ಉರುಳಿ ಹೋಗುತ್ತವೆ. ಹಾಗೆ ಉರುಳುತ್ತಾ ಬಳೆಗಾಲಿಯನ್ನು ಇನ್ನೂ 24 ಹಲ್ಲುಗಳಷ್ಟು ಮುಂದಕ್ಕೆ ದೂಡುತ್ತವೆ. 96ರಲ್ಲಿ 24 ಎಂದರೆ ಕಾಲು ಸುತ್ತು. ಹೀಗೆ ಒಳಗೆ ಒಂದು ಸುತ್ತಾದರೆ ಹೊರಗೆ ಒಂದೂಕಾಲು ಸುತ್ತು. ಚಕ್ರಗಳು ಎಂಜಿನನ್ನು ಮೀರಿ ಓಡುತ್ತವೆ. ಉಪಕರಣದ ಹೆಸರಿನ ಅರ್ಥವೂ ಇದೇ.

ಸೂರ್ಯಗಾಲಿಯನ್ನು ಒಮ್ಮೆ ಬಳೆಗೆ, ಒಮ್ಮೆ ಪೆಟ್ಟಿಗೆಗೆ ಅಂಟಿಸುವ ಕೆಲಸವು ಶಂಕುವಿನಾಕಾರದ ಕ್ಲಚ್ಚೊಂದರದು. ಗಟ್ಟಿಯಾದ ಸ್ಪ್ರಿಂಗುಗಳು ಅದನ್ನು ಯಾವಾಗಲೂ ಬಳೆಗಾಲಿಯ ಕಡೆಗೆ ಒತ್ತಿರುತ್ತವೆ. ಓವರ್‌ಡ್ರೈವ್ ಬೇಕಾದಾಗ ಚಾಲಕನು ಒಂದು ಚಿಕ್ಕ ಸ್ವಿಚ್ಚನ್ನು ಹಾಕುತ್ತಾನೆ. ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತವು ಒಂದು ಕವಾಟವನ್ನು ತೆರೆಯುತ್ತದೆ. ಪೆಟ್ಟಿಗೆಯೊಳಗಿನ ಪುಟ್ಟ ಪಂಪು ಒತ್ತಿಟ್ಟಿರುವ ಎಣ್ಣೆಯು ನುಗ್ಗಿಬಂದು ಪಿಸ್ಟನುಗಳನ್ನು ತಳ್ಳುತ್ತದೆ; ಶಂಕುಕ್ಲಚ್ಚು ಸ್ಪ್ರಿಂಗುಗಳ ಬಲವನ್ನು ಮೀರಿ ಆಚೆಗೆ ಸರಿದು ಪೆಟ್ಟಿಗೆಯ ಮೈಯನ್ನು ಕಚ್ಚುತ್ತದೆ. ಎಣ್ಣೆಯ ಒತ್ತಡವು ಮಾದರಿಗೆ ತಕ್ಕಂತೆ ಚದರ ಅಂಗುಲಕ್ಕೆ ಸುಮಾರು 400 ಪೌಂಡು. ಕಾರಿನ ಟಯರಿನೊಳಗಿನ ಗಾಳಿಯ ಒತ್ತಡಕ್ಕಿಂತ ಇದು ಹತ್ತು ಪಟ್ಟಿಗೂ ಮಿಗಿಲು.

ಶಂಕುಕ್ಲಚ್ಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವ ಆ ಅರೆಗಳಿಗೆಯಲ್ಲಿ ಎಂಜಿನಿನ ಬಲವು ಚಕ್ರಕ್ಕೆ ತಲುಪುವುದು ಹೇಗೆ? ಇದಕ್ಕಾಗಿ ಒಳಗೆ ಏಕಮುಖ ಕ್ಲಚ್ಚೊಂದನ್ನು ಇಟ್ಟಿದ್ದಾರೆ. ಸೈಕಲ್ ಅಂಗಡಿಯ ಹುಡುಗನಿಗೂ ಇದು ಗೊತ್ತು. ಅವನು ಫ್ರೀವೀಲ್ ಎನ್ನುತ್ತಾನೆ. ಪೆಡಲು ತುಳಿದರೆ ಚಕ್ರವು ತಿರುಗಲೇಬೇಕು. ಆದರೆ ಇಳಿಜಾರಿನಲ್ಲಿ ಚಕ್ರವು ಪೆಡಲನ್ನು ಮೀರಿ ಓಡಿದರೆ ಫ್ರೀವೀಲ್ ಕಟಕಟನೆ ಸದ್ದು ಮಾಡುತ್ತಾ ಅದನ್ನು ಓಡಗೊಡುತ್ತದೆ. ಓವರ್‌ಡ್ರೈವಿನಲ್ಲಿಯೂ ಹಾಗೆಯೇ. ಒಳದಂಡವು ಬಳೆಗಾಲಿಯನ್ನು ಮುಂದಕ್ಕೆ ತಳ್ಳಬಲ್ಲುದು. ಬಳೆಗಾಲಿಯು ಅದಕ್ಕಿಂತ ಬೇಗ ಓಡಿದರೆ ತಡೆಯಲಾರದು. ಆದುದರಿಂದಲೇ ಓವರ್‌ಡ್ರೈವ್ ಹಾಕುವಾಗ ಚಾಲಕನು ಕ್ಲಚ್ಚನ್ನು ತುಳಿಯಬೇಕಾಗಿಲ್ಲ, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕಾಗಿಯೂ ಇಲ್ಲ. ಬೆರಳಿನಿಂದ ಸ್ವಿಚ್ಚನ್ನು ತಟ್ಟಿದರೆ ಸಾಕು, ಎಂಜಿನಿನ ಸ್ವರವು ಒಮ್ಮೆಲೇ ತಗ್ಗುತ್ತದೆ.

ಹಾಗೆಂದು ಎಲ್ಲೆಂದರಲ್ಲಿ ಅದನ್ನು ಹಾಕಬಾರದು. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯು ಇದಕ್ಕೆ ಒಳ್ಳೆಯ ಪಾಠಶಾಲೆ. ಊರಿನ ಸಂದಣಿಯಲ್ಲಿ, ಟಾಂಗಾ ಮತ್ತು ಆಟೋಗಳ ನಡುವೆ, ಓವರ್‌ಡ್ರೈವಿನ ಮಾತೇ ಬೇಡ. ಕಡಿಮೆ ವೇಗದಲ್ಲಿ ಅದನ್ನು ಹಾಕಿದರೆ ಎಂಜಿನು ಕೆಮ್ಮುತ್ತಾ ನಡುಗುತ್ತದೆ. ಬಯಲಿಗೆ ಬಂದು ಗಂಟೆಗೆ 65 ಅಥವಾ 70 ಕಿಲೋಮೀಟರು ವೇಗ ಕೂಡಿದ ಮೇಲೆ ಹಾಕುವುದು ಉಚಿತ. ಡೋಣಿ ನದಿಯ ತಗ್ಗಿಗೆ ಇಳಿಯುವಾಗ ಇರಲಿ ಎಂದರೂ, ಆಚೆಯ ದಿಬ್ಬವನ್ನು ಹತ್ತುವ ಮುನ್ನ ತೆಗೆಯಬೇಕು. ಓವರ್‌ಡ್ರೈವಿನಲ್ಲಿ ಚಕ್ರಕ್ಕೆ ದೊರೆಯುವ ಬಲವು ನೇರ ಗೇರಿನಲ್ಲಿ ದೊರೆಯುವುದರ ಐದರಲ್ಲಿ ನಾಲ್ಕು ಪಾಲು ಮಾತ್ರ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು ಅಡ್ಡ ಬಂದಾಗಲೂ ಹಾಗೆಯೇ. ಸ್ವಿಚ್ಚನ್ನು ತೆಗೆದರೆ ಆ ಕ್ಷಣವೇ ಬಲ ಕೂಡುತ್ತದೆ, ಬೇಗನೆ ದಾಟಿಹೋಗಬಹುದು. ಆದರೆ ಬಹಳ ವೇಗದಲ್ಲಿರುವಾಗ ತೆಗೆಯುವುದು ಅಪಾಯಕರ. ತೆಗೆದೊಡನೆ ಎಂಜಿನು ಕಾಲುಪಟ್ಟು ಹೆಚ್ಚು ತಿರುಗಬೇಕಾಗುವುದರಿಂದ ಅದರ ಮಿತಿಯನ್ನು ಮೀರಿಹೋಗುವ ಸಂಭವವುಂಟು.

ಇದಿಷ್ಟು ಬಳಕೆಯ ಮಾತಾಯಿತು. ಈ ಯಂತ್ರಕ್ಕೆ ಮುಳುವಾಗುವ ತಪ್ಪು ಇನ್ನೊಂದಿದೆ. ಓವರ್‌ಡ್ರೈವ್ ಹಾಕಿದ ಸ್ಥಿತಿಯಲ್ಲಿ ಕಾರನ್ನು ಹಿಂದಕ್ಕೆ ನಡೆಸುವುದೇ ಆ ತಪ್ಪು. ಹಿಂದಕ್ಕೆ ಹೋಗುವಾಗ ಗ್ರಹವಾಹಕವು ಹಿಮ್ಮುಖವಾಗಿ ತಿರುಗುತ್ತದೆ. ಸೂರ್ಯಗಾಲಿಯು ಪೆಟ್ಟಿಗೆಯ ಮೈಯನ್ನು ಕಚ್ಚಿ ನಿಂತಿದ್ದರೆ ಬಳೆಗಾಲಿಯು ಅದಕ್ಕಿಂತ ಬೇಗ ಹಿಮ್ಮುಖವಾಗಿ ತಿರುಗಬೇಕು. ಆದರೆ ಏಕಮುಖ ಕ್ಲಚ್ಚು ಇದಕ್ಕೆ ಎಡೆಗೊಡದು. ಬಳೆಯು ಮುಂದಕ್ಕೆ ಮೀರಿ ಓಡಬಹುದೇ ಹೊರತು ಹಿಂದಕ್ಕೆ ಮೀರಿ ಓಡಲಾಗದು. ಓಡಲು ಹೋದರೆ ಅದು ಒಳದಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ಕಡೆ ಶಂಕುಕ್ಲಚ್ಚಿನ ಹಿಡಿತ, ಇನ್ನೊಂದು ಕಡೆ ಏಕಮುಖ ಕ್ಲಚ್ಚಿನ ಹಿಡಿತ. ತಿರುಗಲು ದಾರಿಯಿಲ್ಲ, ಎಂಜಿನಾದರೋ ತಿರುಗಿಸಿಯೇ ತೀರುತ್ತೇನೆನ್ನುತ್ತದೆ. ಆಗ ಒಳಗಿನ ಯಾವುದಾದರೂ ಭಾಗವು ಮುರಿಯಲೇಬೇಕು.

ತಯಾರಕರು ಇದನ್ನು ಅರಿಯದವರಲ್ಲ. ಮೇಲಿನ ಗೇರುಗಳಲ್ಲಲ್ಲದೆ ಬೇರೆ ಗೇರಿನಲ್ಲಿ ಸೊಲೆನಾಯ್ಡಿಗೆ ವಿದ್ಯುತ್ತು ಹರಿಯದಂತೆ ಗೇರುಪೆಟ್ಟಿಗೆಯ ಮೇಲೆ ತಡೆಯ ಸ್ವಿಚ್ಚೊಂದನ್ನು ಇಟ್ಟರು. ರಿವರ್ಸ್ ಗೇರಿಗೆ ಹಾಕಿದರೆ ಓವರ್‌ಡ್ರೈವ್ ತಾನಾಗಿ ಬಿಡಬೇಕು. ವಿದ್ಯುತ್ತನ್ನು ನಿಲ್ಲಿಸಬಹುದು, ಎಣ್ಣೆಯು ಹಿಂತಿರುಗದಿದ್ದರೆ ಆ ಸ್ವಿಚ್ಚು ಮಾಡುವುದೇನು? ಪಿಸ್ಟನುಗಳನ್ನು ತಳ್ಳಿದ ಎಣ್ಣೆಯು ಕವಾಟದ ನಡುವಿನ ಸೂಜಿಯ ಕಣ್ಣಿನಂಥ ಒಂದು ರಂಧ್ರದ ಮೂಲಕ ಹಿಂದಕ್ಕೆ ಹರಿದುಹೋಗಬೇಕು. ಆ ರಂಧ್ರದಲ್ಲಿ ಹತ್ತಿಯ ಒಂದು ಎಳೆ ಅಥವಾ ಎರೆಮಣ್ಣಿನ ಒಂದು ಕಣ ಸಿಕ್ಕಿಕೊಂಡರೆ ಸಾಕು; ಸ್ವಿಚ್ಚನ್ನು ತೆಗೆದರೂ ಓವರ್‌ಡ್ರೈವ್ ಬಿಡುವುದಿಲ್ಲ. ಕೆಲವು ಸಲ ಶಂಕುಕ್ಲಚ್ಚೇ ಪೆಟ್ಟಿಗೆಯ ಮೈಗೆ ಅಂಟಿಕೊಂಡು ನಿಲ್ಲುವುದೂ ಉಂಟು.

ಆದುದರಿಂದ ತಿಳಿದ ಚಾಲಕನು ಕಿವಿಯನ್ನು ನಂಬುತ್ತಾನೆ. ಓಡುತ್ತಿರುವಾಗ ಸ್ವಿಚ್ಚನ್ನು ತೆಗೆದೊಡನೆ ಎಂಜಿನಿನ ಸ್ವರವು ಏರಬೇಕು. ಏರದಿದ್ದರೆ ಓವರ್‌ಡ್ರೈವ್ ಬಿಟ್ಟಿಲ್ಲ. ಅಂಥ ಕಾರು ತಿಕೋಟಾದ ಯಾವುದೋ ದ್ರಾಕ್ಷಿ ತೋಟದ ಮುಂದೆ, ಒಣದ್ರಾಕ್ಷಿ ಶೆಡ್ಡಿನ ಬಾಗಿಲಿಗೆ ಮುಖಮಾಡಿ ನಿಂತಿತೆನ್ನಿ. ಮುಂದೆ ಗೋಡೆ, ಹಿಂದಕ್ಕೆ ಹೋಗದೆ ಗತಿಯಿಲ್ಲ. ನಾಲ್ಕು ಜನರು ಸೇರಿ ಹಿಂದಕ್ಕೆ ತಳ್ಳೋಣವೆಂದರೂ ಅದು ಕದಲದು, ಏಕೆಂದರೆ ಚಕ್ರಗಳ ಕಡೆಯಿಂದ ತಿರುಗಿಸಿದರೂ ಬಿಗಿಯುವ ಬಗೆ ಒಂದೇ. ಮುಂದಕ್ಕಾದರೆ ಸರಾಗವಾಗಿ ಉರುಳುವ ಕಾರು ಹಿಂದಕ್ಕೆ ಕಲ್ಲಿನಂತೆ ನಿಲ್ಲುತ್ತದೆ. ಬ್ರೇಕು ಹಿಡಿದಿರಬೇಕೆಂದು ತಿಳಿದು ಬಲವಾಗಿ ರಿವರ್ಸ್ ಗೇರಿಗೆ ಹಾಕಿದವನು ಯಂತ್ರವನ್ನು ಕಳೆದುಕೊಳ್ಳುತ್ತಾನೆ. ಕಾರಣವನ್ನು ಬಲ್ಲವನು ಎಂಜಿನನ್ನು ನಿಲ್ಲಿಸಿ, ಕಾರಿನ ಕೆಳಗೆ ಹೋಗಿ, ತೊಗಲಿನ ಸುತ್ತಿಗೆಯಿಂದ ಶಂಕುಕ್ಲಚ್ಚಿನ ಹೊರಬಳೆಯನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತಾನೆ. ಅಂಟಿಕೊಂಡ ಕ್ಲಚ್ಚು ಎಷ್ಟೋ ವೇಳೆ ಇಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಕವಾಟವನ್ನು ಹೊರತೆಗೆದು ರಂಧ್ರವನ್ನು ಸ್ವಚ್ಛಗೊಳಿಸಬೇಕು. ಅದಕ್ಕೆ ಮುಂಚೆ ಒಂದು ಎಚ್ಚರ ಅಗತ್ಯ. ಒತ್ತಡವನ್ನು ಕೂಡಿಡುವ ಹಳೆಯ ಮಾದರಿಗಳಲ್ಲಿ ಎಂಜಿನು ನಿಂತ ಮೇಲೂ ಎಣ್ಣೆಯು ಒತ್ತಡದಲ್ಲಿಯೇ ಇರುತ್ತದೆ. ಎಂಜಿನನ್ನು ಚಾಲೂ ಮಾಡದೆ, ಕೀಲಿಯನ್ನು ಮಾತ್ರ ತಿರುಗಿಸಿ, ಮೇಲಿನ ಗೇರಿಗೆ ಹಾಕಿ, ಸ್ವಿಚ್ಚನ್ನು ಹತ್ತು ಹನ್ನೆರಡು ಸಲ ಹಾಕಿ ತೆಗೆದರೆ ಆ ಒತ್ತಡ ಇಳಿಯುತ್ತದೆ.

ಓವರ್‌ಡ್ರೈವ್ ಹಿಡಿಯುವುದೇ ಇಲ್ಲವೆಂಬುದು ಇದಕ್ಕಿಂತ ಸಾಮಾನ್ಯವಾದ ದೂರು. ಆಗ ಪೆಟ್ಟಿಗೆಯನ್ನೇ ಕಳಚಿ ಹಾಕುವ ಆತುರ ಕೆಲವರಿಗೆ. ಇದು ತಲೆನೋವೆಂದವನಿಗೆ ತಲೆಯನ್ನೇ ಕೊಯ್ದಂತೆ. ಮೊದಲು ನೋಡಬೇಕಾದುದು ಎಣ್ಣೆಯ ಮಟ್ಟ. ಮಟ್ಟ ಇಳಿದರೆ ಪಂಪು ಗಾಳಿಯನ್ನು ಹೀರುತ್ತದೆ, ಒತ್ತಡ ಏರುವುದಿಲ್ಲ. ಎಣ್ಣೆ ಸರಿಯಾಗಿದ್ದರೆ ಕಾರು ನಿಂತಿರುವಾಗಲೇ ಕೀಲಿ ತಿರುಗಿಸಿ, ಮೇಲಿನ ಗೇರಿಗೆ ಹಾಕಿ, ಸ್ವಿಚ್ಚನ್ನು ತಟ್ಟಿ ಕಿವಿಗೊಡಬೇಕು. ಕೆಳಗಿನಿಂದ ಟಕ್ ಎಂಬ ಸದ್ದು ಬಂದರೆ ಸೊಲೆನಾಯ್ಡ್ ಬದುಕಿದೆ. ಬಾರದಿದ್ದರೆ ದೋಷವು ತಂತಿಯಲ್ಲಿಯೋ ತುಕ್ಕು ಹಿಡಿದ ಜೋಡಣೆಯಲ್ಲಿಯೋ ತಡೆಯ ಸ್ವಿಚ್ಚಿನಲ್ಲಿಯೋ ಇರುವ ಸಂಭವವೇ ಹೆಚ್ಚು. ಹಲವು ಹಳೆಯ ಮಾದರಿಗಳ ಸೊಲೆನಾಯ್ಡಿನಲ್ಲಿ ಎರಡು ಸುರುಳಿಗಳುಂಟು. ಸೆಳೆಯುವ ಸುರುಳಿಗೆ ಸುಮಾರು 20 ಆಂಪಿಯರಿನಷ್ಟು ವಿದ್ಯುತ್ತು ಬೇಕು; ಸೆಳೆದಾದ ಮೇಲೆ ಅದು ಕಡಿದುಹೋಗಿ ಹಿಡಿದಿಡುವ ಸುರುಳಿ ಮಾತ್ರ ಉಳಿಯುತ್ತದೆ. ಅದರ ಸನ್ನೆಯನ್ನು ಸರಿಯಾಗಿ ಹೊಂದಿಸದಿದ್ದರೆ ಮೊದಲ ಸುರುಳಿಯು ಕಡಿಯದೆ ಕಾದು ಸುಟ್ಟುಹೋಗುತ್ತದೆ. ಹೊಂದಿಸುವ ಉಪಾಯವೇನೋ ಬಹಳ ಸರಳ. ಸನ್ನೆಯಲ್ಲಿಯೂ ಪೆಟ್ಟಿಗೆಯ ಮೈಯಲ್ಲಿಯೂ ಒಂದೊಂದು ತೂತು ಇದೆ. ಸೊಲೆನಾಯ್ಡ್ ಸೆಳೆದಿರುವಾಗ ಅಂಗುಲದ ಹದಿನಾರರಲ್ಲಿ ಮೂರು ಪಾಲು ದಪ್ಪದ ಕಡ್ಡಿಯೊಂದು ಎರಡರಲ್ಲಿಯೂ ನೇರವಾಗಿ ತೂರಿದರೆ ಸನ್ನೆ ಸರಿಯಿದೆಯೆಂದು ಅರ್ಥ.

ಎಣ್ಣೆಯ ಆಯ್ಕೆಯಲ್ಲಿಯೂ ಜಾಣತನ ಬೇಕು, ಅತಿ ಜಾಣತನ ಬೇಡ. ಗೇರುಪೆಟ್ಟಿಗೆಗೂ ಓವರ್‌ಡ್ರೈವಿಗೂ ಎಣ್ಣೆ ಒಂದೇ. ಎಂ.ಜಿ.ಬಿ.ಗೆ ಎಂಜಿನಿನ ಎಣ್ಣೆಯನ್ನೇ ಹಾಕುವರು; ಬೇರೆ ಕಾರುಗಳಿಗೆ ಆಯಾ ಕೈಪಿಡಿಯಲ್ಲಿ ಹೇಳಿದ ಎಣ್ಣೆ. ಸವೆತ ಕಡಿಮೆಯಾಗಲೆಂದು ಜಾರಿಕೆಯನ್ನು ಹೆಚ್ಚಿಸುವ ಗ್ರಾಫೈಟು ಮೊದಲಾದ ಪುಡಿ ಮತ್ತು ದ್ರವಗಳನ್ನು ಬೆರೆಸುವುದು ಕೆಲವರ ಹವ್ಯಾಸ. ಎಂಜಿನಿಗೆ ಅದು ಒಗ್ಗೀತು, ಇಲ್ಲಿ ಒಗ್ಗದು. ಶಂಕುಕ್ಲಚ್ಚು ಕೆಲಸ ಮಾಡುವುದು ಘರ್ಷಣೆಯಿಂದ. ಘರ್ಷಣೆಯನ್ನೇ ಕಳೆದರೆ ಅದು ಹಿಡಿಯುವುದಾದರೂ ಏನನ್ನು?

ಇಂದು ಓಡುವ ಕಾರುಗಳಲ್ಲಿ ಐದನೆಯ ಗೇರು ಸಾಮಾನ್ಯವಾಗಿ ಇದೇ ಕೆಲಸವನ್ನು ಮಾಡುವುದರಿಂದ ಪ್ರತ್ಯೇಕ ಪೆಟ್ಟಿಗೆಯ ಕಾಲ ಮುಗಿದುಹೋಯಿತು. ಉಳಿದಿರುವ ಹಳೆಯ ಪೆಟ್ಟಿಗೆಗಳಷ್ಟನ್ನೇ ಕಾಪಾಡಿಕೊಳ್ಳಬೇಕಾಗಿದೆ. ಒಂದು ಮುರಿದರೆ ಲೆಕ್ಕದಲ್ಲಿ ಒಂದು ಕಡಿಮೆ. ಕಾಪಾಡುವ ಕೆಲಸದಲ್ಲಿ ಹೆಚ್ಚಿನ ಪಾಲು ಶುಚಿತ್ವವೇ. ಎಣ್ಣೆಯನ್ನು ಬದಲಿಸುವಾಗಲೆಲ್ಲ ತಳದ ಜಾಲರಿಯನ್ನು ತೆಗೆದು ಪೆಟ್ರೋಲಿನಲ್ಲಿ ತೊಳೆದು ಗಾಳಿಗೆ ಒಣಗಿಸಬೇಕು. ಹತ್ತಿಯ ಬಟ್ಟೆಯಿಂದ ಒರೆಸಿದರೆ ಅದರ ಎಳೆಯೇ ಒಳಗೆ ಹೋಗಿ ಕುಳಿತೀತು. ಬಿರುಬೇಸಗೆಯ ಧೂಳಿನಲ್ಲಿ, ಬಯಲಿನಲ್ಲಿ ನಿಂತು ಈ ಕೆಲಸಕ್ಕೆ ಕೈಹಾಕಬಾರದು. ಹೊಸ ಎಣ್ಣೆಯನ್ನು ಗೇರುಪೆಟ್ಟಿಗೆಯ ಬಾಯಿಯಿಂದಲೇ ತುಂಬಬೇಕು. ತುಂಬಿದೊಡನೆ ಮಟ್ಟವು ಸರಿಯಾಗಿದೆಯೆಂದು ತೋರಬಹುದು. ಆದರೆ ಹಿಂದಿನ ಪೆಟ್ಟಿಗೆಯು ಆಗಿನ್ನೂ ಖಾಲಿಯಾಗಿರುತ್ತದೆ. ಕಾರನ್ನು ತಿಕೋಟಾದವರೆಗೆ ಓಡಿಸಿ, ದಾರಿಯಲ್ಲಿ ಓವರ್‌ಡ್ರೈವನ್ನು ಒಂದೆರಡು ಸಲ ಹಾಕಿ ತೆಗೆದು, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ ಮಟ್ಟವು ಇಳಿದಿರುತ್ತದೆ. ಇಳಿದಷ್ಟನ್ನು ತುಂಬಿಯೇ ಹಿಂದಿರುಗಿ ಹೊರಡಬೇಕು.